ದರಕು ಮಳೆಗಾಲಕ್ಕೆ, ಹಸಿ ಸೊಪ್ಪು ಮಳೆ ಹೋದ ಮೇಲೆ: ಅಡಿಕೆ ತೋಟದಲ್ಲಿ ಸಾರಜನಕ ಉಳಿಸುವ ಕೆಲಸ

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ‘ಹೆಚ್ಚು’ ಎಂದು ಬಂದಾಕ್ಷಣ ಮರಕ್ಕೆ ಸಾರಜನಕ ಸಾಕಷ್ಟು ಸಿಗುತ್ತಿದೆ ಎಂದು ತಿಳಿಯಬಾರದು. ಶಿರಸಿ ಸುತ್ತಿನ ತೋಟಗಳಿಗೆ ತಲೆಮಾರುಗಳಿಂದ ಸೊಪ್ಪು, ಗೊಬ್ಬರ ಬಿದ್ದಿದೆ. ಇಂಗಾಲ ಶೇ. 1 ದಾಟುವುದು ಇಲ್ಲಿ ಅಪರೂಪವೇನಲ್ಲ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಶೇ. 1 ಇಂಗಾಲವೆಂದರೆ 9,000 ಕಿಲೋ. ಹಳೆಯ ಹ್ಯೂಮಸ್‌ನಲ್ಲಿ (ಸೊಪ್ಪು, ಗೊಬ್ಬರ ಕಳಿತು ಮಣ್ಣಿನಲ್ಲಿ ಉಳಿದ ಅಂಶ) 10–12 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರುವುದರಿಂದ, ಆ ಎಕರೆಯ ಮೇಲ್ಮಣ್ಣಿನಲ್ಲೇ ಸುಮಾರು 800 ಕಿಲೋ ಸಾರಜನಕ ಇದೆ. ಆದರೆ ವರ್ಷಕ್ಕೆ ಅದರಲ್ಲಿ ಬಿಡುಗಡೆಯಾಗುವುದು ನೂರಕ್ಕೆ 1ರಿಂದ 3 ಪಾಲು, ಅಂದರೆ 8ರಿಂದ 24 ಕಿಲೋ ಮಾತ್ರ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ 537 ಮರ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಎಂಬ ಶಿಫಾರಸಿನ ಪ್ರಕಾರ ಬೇಕಾದದ್ದು 54 ಕಿಲೋ. ಉಳಿದದ್ದನ್ನು ನಾವು ಕೊಡಬೇಕು. ಕೊಟ್ಟದ್ದು ಬೇರಿಗೆ ಸಿಗುವವರೆಗೆ ಮಣ್ಣಲ್ಲೇ ಉಳಿಯುವಂತೆಯೂ ನೋಡಿಕೊಳ್ಳಬೇಕು. ನನ್ನ ಕೆಲಸದ ಹೆಚ್ಚಿನ ಪಾಲು ಈ ಎರಡನೆಯದೇ.

ಗೊಬ್ಬರದಲ್ಲಿರುವ ಸಾರಜನಕ ಮೊದಲು ಸಾವಯವ ರೂಪದಲ್ಲಿರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಅಮೋನಿಯಂ ಬರುತ್ತದೆ. ನೈಟ್ರೊಸೊಮೊನಾಸ್ ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಬ್ಯಾಕ್ಟರ್ ಗುಂಪಿನವು ನೈಟ್ರೇಟ್ ಮಾಡುತ್ತವೆ. ಮರ ಅಮೋನಿಯಂ, ನೈಟ್ರೇಟ್ ಎರಡನ್ನೂ ಹೀರುತ್ತದೆ. ಮಳೆಗೆ ಮಾತ್ರ ಇವೆರಡೂ ಒಂದೇ ಅಲ್ಲ. ಅಮೋನಿಯಂ ಧನ ವಿದ್ಯುದಂಶದ್ದು, ಜೇಡಿ ಕಣಕ್ಕೂ ಹ್ಯೂಮಸ್‌ಗೂ ಅಂಟಿಕೊಳ್ಳುತ್ತದೆ. ನೈಟ್ರೇಟ್ ಋಣ ವಿದ್ಯುದಂಶದ್ದು, ನೀರು ಹೋದಲ್ಲಿಗೆ ಹೋಗುತ್ತದೆ. ಜಂಬಿಟ್ಟಿಗೆ ಮೂಲದ ನಮ್ಮ ಮಣ್ಣಿಗೆ ಹಿಡಿದಿಡುವ ಶಕ್ತಿ ಮೊದಲೇ ಕಡಿಮೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಊರಿನಲ್ಲಿ, ರೋಹಿಣಿ ಮಳೆಯ ಹೊತ್ತಿಗೆ ಮಣ್ಣಿನಲ್ಲಿ ಎಷ್ಟು ನೈಟ್ರೇಟ್ ಇದೆಯೋ ಅದರಲ್ಲಿ ಬಹಳಷ್ಟು ಆರಿದ್ರಾ ಮುಗಿಯುವುದರೊಳಗೆ ಬಸಿಗಾಲುವೆ ಸೇರಿರುತ್ತದೆ.

ಇನ್ನೊಂದು ಸಂಗತಿಯೂ ಇದೆ. ಬೇಸಿಗೆಯಲ್ಲಿ ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು, ಸತ್ತ ಜೀವಿಗಳನ್ನೂ ಸಡಿಲವಾದ ಹ್ಯೂಮಸ್ಸನ್ನೂ ವೇಗವಾಗಿ ಒಡೆಯುತ್ತವೆ. ಆ ಒಂದೆರಡು ವಾರ ಮಣ್ಣು ತಾನಾಗಿಯೇ ಬಹಳಷ್ಟು ಸಾರಜನಕ ಬಿಡುತ್ತದೆ. ಅದೇ ಹೊತ್ತಿಗೆ ನಾವು ಹಸಿ ಸೊಪ್ಪು, ಯೂರಿಯಾ, ಹದವಾಗಿ ಕಳಿತ ಗೊಬ್ಬರ ಮೂರನ್ನೂ ಹಾಕಿದರೆ ಮರಕ್ಕೆ ಹೀರುವ ಶಕ್ತಿಗಿಂತ ಹೆಚ್ಚು ನೈಟ್ರೇಟ್ ಮಳೆಯ ಬಾಯಿಗೆ ಸಿದ್ಧವಾಗುತ್ತದೆ. ‘ಮಳೆಗೆ ಮುಂಚೆ ಗೊಬ್ಬರ’ ಎನ್ನುವ ಅಭ್ಯಾಸದಲ್ಲಿ ಆಗುವ ನಷ್ಟ ಇದು.

ಹಾಗಾಗಿ ಮಳೆಗೆ ಮುಂಚೆ ನಾನು ಹಾಕುವುದು ದರಕು ಮಾತ್ರ. ಬೆಟ್ಟದಲ್ಲಿ ಗುಡಿಸಿ ತಂದ ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅನುಪಾತ 50ಕ್ಕೆ 1 ಅಥವಾ ಅದಕ್ಕೂ ಮೇಲೆ. ಅನುಪಾತ 20ರ ಕೆಳಗಿದ್ದರೆ ಕಳಿಯುವಾಗ ಸಾರಜನಕ ಹೊರಬರುತ್ತದೆ. 30ರ ಮೇಲಿದ್ದರೆ ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಸುತ್ತಲಿನ ಅಮೋನಿಯಂ, ನೈಟ್ರೇಟನ್ನು ಎಳೆದುಕೊಳ್ಳುತ್ತವೆ. ಬೇರೆ ಕಾಲದಲ್ಲಿ ಇದು ಮರದ ಪಾಲನ್ನು ಕಸಿದಂತೆ. ಜೂನ್–ಜುಲೈನಲ್ಲಿ ಇದೇ ಗುಣ ಉಪಕಾರಕ್ಕೆ ಬರುತ್ತದೆ. ತೇಲಿ ಹೋಗಬೇಕಾದ ಸಾರಜನಕದ ಒಂದಿಷ್ಟು ಪಾಲು ಜೀವಿಗಳ ಮೈಯಲ್ಲಿ ಕುಳಿತು, ದರಕು ಕಳಿತಾದ ಮೇಲೆ ಭಾದ್ರಪದ–ಆಶ್ವಯುಜದಲ್ಲಿ ನಿಧಾನಕ್ಕೆ ಹೊರಬರುತ್ತದೆ. ಮೇಲೆ ಹರಡಿದ ದರಕು ಮಣ್ಣಿನ ಮೇಲ್ಪದರವನ್ನಷ್ಟೇ ಮುಟ್ಟುತ್ತದೆ ನಿಜ. ಆದರೆ ಮೊದಲ ಮಳೆಗೆ ಹೆಚ್ಚು ಸಾರಜನಕ ಬಿಡುವುದೂ ಆ ಪದರವೇ. ಹನಿಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ಮೇಲಿನ ಲಾಭ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ (ಸೊಪ್ಪು, ದರಕು ತರಲು ಬಿಟ್ಟ ಕಾಡು) ಇಟ್ಟುಕೊಟ್ಟ ವ್ಯವಸ್ಥೆಯನ್ನು ಈ ಕಣ್ಣಿನಿಂದ ನೋಡಿದರೆ, ಬೆಟ್ಟ ಬೋಳಾದರೆ ತೋಟ ಕಳೆದುಕೊಳ್ಳುವುದು ಏನೆಂದು ಗೊತ್ತಾಗುತ್ತದೆ.

ನಾಲ್ಕು ಬೆರಳು ದಪ್ಪ ಹರಡುತ್ತೇನೆ, ಬುಡದಿಂದ ಅರ್ಧ ಅಡಿ ಬಿಟ್ಟು. ಮೇ ಕೊನೆಯ ವಾರದೊಳಗೆ ಮುಗಿಯಬೇಕು. ಕೆದಕಿ ಮಣ್ಣಿಗೆ ಸೇರಿಸುವುದು ಬೇಡ. ಸೇರಿಸಿದರೆ ಆಗಸ್ಟ್‌ವರೆಗೂ ಸಾರಜನಕದ ಕೊರತೆ ಮುಂದುವರಿದು ಸಣ್ಣ ಗಿಡಗಳ ಎಲೆ ಬಿಳಿಚಿಕೊಳ್ಳುತ್ತದೆ.

ಹಸಿ ಸೊಪ್ಪು, ಅದರಲ್ಲೂ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು, ಇದಕ್ಕೆ ತದ್ವಿರುದ್ಧ. ಒಣ ತೂಕದಲ್ಲಿ ಶೇ. 3ರ ಆಸುಪಾಸು ಸಾರಜನಕ ಇದ್ದು, ಮಣ್ಣಿಗೆ ಬಿದ್ದ ಎರಡು–ಮೂರು ವಾರದಲ್ಲೇ ಬಿಡುಗಡೆ ಶುರುವಾಗುತ್ತದೆ. ಬೇಲಿಯಲ್ಲಿ ಬೆಳೆಸಿದ್ದನ್ನು ಉತ್ತರೆ ಮಳೆ ಇಳಿಯುತ್ತಾ ಬಂದಾಗ, ಅಂದರೆ ಸೆಪ್ಟೆಂಬರ್ ಮೂರನೇ ವಾರದಿಂದ, ಸವರಿ ಮರಕ್ಕೆ 12 ಕಿಲೋ ಲೆಕ್ಕದಲ್ಲಿ ಹಾಕುತ್ತೇನೆ. ಮಣ್ಣಿನಲ್ಲಿ ತೇವ ಇದೆ, ಬಿಸಿಲು ಬಂದಿದೆ, ಬೇರು ಚುರುಕಾಗಿದೆ, ಕೊಚ್ಚಿಕೊಂಡು ಹೋಗುವ ಮಳೆ ಇಲ್ಲ. ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಮತ್ತಿ, ಕಿಂದಳ, ನೇರಳೆಯ ಬಲಿತ ಸೊಪ್ಪು ಇಷ್ಟು ವೇಗ ಕಳಿಯುವುದಿಲ್ಲ. ಅದನ್ನು ಕೊಟ್ಟಿಗೆಗೆ ಹಾಕಿ, ದನ ತುಳಿದ ಮೇಲೆ ಗುಂಡಿಗೆ ಹೊರುವುದೇ ಸರಿ.

ಕೊಟ್ಟಿಗೆಯ ಮಾತು ಬಂದಿದ್ದರಿಂದ ಹೇಳುತ್ತೇನೆ, ಸಾರಜನಕ ಅತಿ ಹೆಚ್ಚು ಸೋರುವುದು ಅಲ್ಲಿಯೇ. ದನ ಹೊರಹಾಕುವ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಗಂಜಲದಲ್ಲಿರುತ್ತದೆ, ಅದೂ ಬಹುಪಾಲು ಯೂರಿಯಾ ರೂಪದಲ್ಲಿ. ಸಗಣಿಯಲ್ಲಿರುವ ಯೂರಿಯೇಸ್ ಕಿಣ್ವ ಅದನ್ನು ಕೆಲವೇ ಗಂಟೆಗಳಲ್ಲಿ ಅಮೋನಿಯಾ ಮಾಡಲು ತೊಡಗುತ್ತದೆ. ಬೆಳಿಗ್ಗೆ ಕೊಟ್ಟಿಗೆಗೆ ಕಾಲಿಟ್ಟಾಗ ಕಣ್ಣು ಉರಿಯುವಂಥ ವಾಸನೆ ಬಂದರೆ, ತೋಟಕ್ಕೆ ಹೋಗಬೇಕಾದದ್ದು ಗಾಳಿಗೆ ಹೋಗುತ್ತಿದೆ ಎಂದೇ ಅರ್ಥ. ಸಿಮೆಂಟ್ ನೆಲ ಮಾಡಿ ದಿನವೂ ನೀರು ಹಾಕಿ ತೊಳೆದು ಚರಂಡಿಗೆ ಬಿಡುವವರು ಗೊಬ್ಬರದ ಒಳ್ಳೆಯ ಅರ್ಧವನ್ನೇ ಬಿಟ್ಟುಕೊಡುತ್ತಿದ್ದಾರೆ. ನೆಲ ಸಿಮೆಂಟಿನದೇ ಆಗಿರಲಿ, ಆದರೆ ಸ್ವಲ್ಪ ಓರೆ ಕೊಟ್ಟು ಗಂಜಲ ಒಂದು ತೊಟ್ಟಿಗೆ ಸೇರುವಂತೆ ಮಾಡಬೇಕು. ದನವೊಂದಕ್ಕೆ ದಿನಕ್ಕೆ 3–4 ಕಿಲೋ ಒಣ ದರಕು ಹಾಸಬೇಕು. ಒದ್ದೆ ಸೊಪ್ಪು ಹೀರುವುದಿಲ್ಲ, ಆದ್ದರಿಂದ ಮಳೆಗಾಲಕ್ಕಾಗಿ ಒಂದಷ್ಟು ದರಕನ್ನು ಮಾಡಿನಡಿ ಒಟ್ಟಿ ಇಟ್ಟುಕೊಳ್ಳಬೇಕು. ವಾಸನೆ ಎದ್ದ ದಿನ ಹಾಸಿನ ಮೇಲೆ ಒಂದು ಹಿಡಿ ಸಿಂಗಲ್ ಸೂಪರ್ ಫಾಸ್ಫೇಟ್ ಉದುರಿಸುತ್ತೇನೆ. ಅದರಲ್ಲಿರುವ ಆಮ್ಲ ಮತ್ತು ಜಿಪ್ಸಂ ಅಮೋನಿಯಾವನ್ನು ಹಾರದ ಲವಣವಾಗಿ ಹಿಡಿಯುತ್ತವೆ, ರಂಜಕವೂ ಗೊಬ್ಬರಕ್ಕೆ ಸೇರುತ್ತದೆ. ಸುಣ್ಣ ಮಾತ್ರ ಕೊಟ್ಟಿಗೆಯ ಹಾಸಿಗೂ ಗೊಬ್ಬರದ ರಾಶಿಗೂ ಹಾಕಲೇಬಾರದು. ಸುಣ್ಣದ ಕ್ಷಾರಕ್ಕೆ ಅಮೋನಿಯಂ ಪೂರ್ತಿ ಅನಿಲವಾಗಿ ಎದ್ದು ಹೋಗುತ್ತದೆ.

ಗುಂಡಿಗೆ ಮಾಡು ಬೇಕು, ಸೋಗೆಯದಾದರೂ ಸರಿ. ತೆರೆದ ಗುಂಡಿಯಿಂದ ಆಷಾಢದಲ್ಲಿ ಹರಿಯುವ ಕಂದು ನೀರಿನಲ್ಲಿ ಸಾರಜನಕವೂ ಪೊಟ್ಯಾಷೂ ಇರುತ್ತವೆ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟೇ ತೇವ ಇರಬೇಕು. ಧಾರೆ ಬಂದರೆ ಗಾಳಿ ಆಡುವುದಿಲ್ಲ, ಪುಡಿಯಾದರೆ ಅಮೋನಿಯಾ ಹಾರುತ್ತದೆ. ರಾಶಿ ಕಾವೇರಿದಾಗ ಘಾಟು ವಾಸನೆ ಬಂದರೆ ಮಗುಚಲು ಹೋಗಬೇಡಿ. ಮೇಲೆ ಎರಡು ಇಂಚು ಬೆಟ್ಟದ ಮಣ್ಣು ಮುಚ್ಚಿ, ವಾಸನೆ ನಿಂತ ಮೇಲೆ ಮಗುಚಬೇಕು.

ಅಡಿಕೆ ಸಿಪ್ಪೆ ಬಹಳ ಜನರನ್ನು ಕಾಡುವ ವಸ್ತು. ಸುಲಿದ ಸಿಪ್ಪೆಯನ್ನು ನೇರವಾಗಿ ಮರದ ಬುಡಕ್ಕೆ ಹಾಕಿ, ಮುಂದಿನ ವರ್ಷ ಎಲೆ ಹಳದಿಯಾಯಿತೆಂದು ರೋಗದ ಮದ್ದು ಹುಡುಕುವುದುಂಟು. ಲೆಕ್ಕ ನೋಡಿ. 100 ಕಿಲೋ ಒಣ ಸಿಪ್ಪೆಯಲ್ಲಿ 45 ಕಿಲೋ ಇಂಗಾಲ, ಅರ್ಧ ಕಿಲೋ ಸಾರಜನಕ ಎಂದು ಹಿಡಿದರೆ ಅನುಪಾತ 90. ಇದನ್ನು 30ಕ್ಕೆ ಇಳಿಸಲು ಇನ್ನೂ 1 ಕಿಲೋ ಸಾರಜನಕ ಬೇಕು. ಅದನ್ನು ಸಗಣಿಯಿಂದ ಕೊಡಲು ಹೋದರೆ ಸಗಣಿ ತನ್ನ ಇಂಗಾಲವನ್ನೂ ತರುತ್ತದೆ. ಸಗಣಿಯ ಅನುಪಾತ 20 ಎಂದುಕೊಂಡರೆ 1 ಕಿಲೋ ಸಾಲದು, 3 ಕಿಲೋ ಸಾರಜನಕದಷ್ಟು, ಅಂದರೆ 800 ಕಿಲೋ ಮೀರಿದ ಹಸಿ ಸಗಣಿ ಬೇಕಾಗುತ್ತದೆ. ಗಂಜಲದಲ್ಲಿ ಇಂಗಾಲ ತೀರಾ ಕಡಿಮೆ, ಸಾರಜನಕ ಶೇ. 1ರ ಒಳಗೆ, 100ರಿಂದ 150 ಲೀಟರಿಗೆ ಕೆಲಸ ಆಗುತ್ತದೆ. ಗಂಜಲವಿಲ್ಲದವರಿಗೆ 2.2 ಕಿಲೋ ಯೂರಿಯಾ ಸಾಕು, ನೀರಿನಲ್ಲಿ ಕರಗಿಸಿ ಪದರ ಪದರಕ್ಕೆ ಚಿಮುಕಿಸಬೇಕು. ನಾನು ಅನುಸರಿಸುವುದು ಹೀಗೆ: ಸಿಪ್ಪೆ ಅರ್ಧ ಅಡಿ, ಅದರ ಮೇಲೆ ಗೋಬರ್ ಗ್ಯಾಸಿನ ಬಗ್ಗಡ ಮತ್ತು ಗಂಜಲ, ಅದರ ಮೇಲೆ ಹಿಂದಿನ ವರ್ಷದ ಗೊಬ್ಬರ ಒಂದು ಹೆಡಿಗೆ, ಮತ್ತೆ ಸಿಪ್ಪೆ. ಬೇಗ ಕಳಿಯದ ಗಟ್ಟಿ ಅಂಶವಾದ ಲಿಗ್ನಿನ್ ಹೆಚ್ಚಿರುವುದರಿಂದ ಅನುಪಾತ ಸರಿಹೋದರೂ 8 ತಿಂಗಳಿಗಿಂತ ಮೊದಲು ಹದ ಆಗುವುದಿಲ್ಲ.

ಹದ ಬಂದಿದೆಯೇ ಎಂದು ತಿಳಿಯಲು ಕಿಲೋದಷ್ಟು ತೇವದ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ನೆರಳಿನಲ್ಲಿಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಇದ್ದರೆ ಆಗಿದೆ. ಘಾಟು ಅಥವಾ ಹುಳಿ ವಾಸನೆ ಬಂದರೆ ಇನ್ನೂ ಒಂದು ತಿಂಗಳು.

ಬಗ್ಗಡದ ಬಗ್ಗೆ ಒಂದು ಮಾತು. ಶಿರಸಿಯ ಹಳ್ಳಿಮನೆಗಳಲ್ಲಿ ಗೋಬರ್ ಗ್ಯಾಸ್ ಘಟಕ ಸಾಮಾನ್ಯ. ಘಟಕದೊಳಗೆ ಇಂಗಾಲ ಮೀಥೇನ್ ಆಗಿ ಒಲೆಗೆ ಹೋಗುತ್ತದೆ, ಸಾರಜನಕ ಹೆಚ್ಚುಕಡಿಮೆ ಪೂರ್ತಿ ಬಗ್ಗಡದಲ್ಲೇ ಉಳಿಯುತ್ತದೆ. ಅದರಲ್ಲಿ ಅಮೋನಿಯಂ ಪಾಲು ಹಸಿ ಸಗಣಿಗಿಂತ ಹೆಚ್ಚು. ಬಗ್ಗಡವನ್ನು ಬಿಸಿಲಿಗೆ ಹರಡಿ ಒಣಗಿಸಿ ಹೊರುವುದೆಂದರೆ ಈ ಅಮೋನಿಯಂ ಬಿಟ್ಟು ನಾರನ್ನು ಹೊತ್ತಂತೆ. ದ್ರವರೂಪದಲ್ಲೇ ಪೈಪಿನಲ್ಲಿ ತೋಟಕ್ಕೆ ಇಳಿಸಿ, ದರಕು ಸರಿಸಿ, ಮರಕ್ಕೆ 8–10 ಲೀಟರ್ ಹೊಯ್ದು ಮತ್ತೆ ಮುಚ್ಚಬೇಕು. ಮಳೆಗಾಲದ ಬಗ್ಗಡವನ್ನು ತೋಟಕ್ಕೆ ಬಿಡುವುದಿಲ್ಲ, ಅದು ಸಿಪ್ಪೆಯ ಗುಂಡಿಗೆ.

ಈಗ ಯೂರಿಯಾ. ಸಾವಯವ ಸಾಕು ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ದನ ಕಡಿಮೆಯಾದ ಮನೆಯಲ್ಲಿ 537 ಮರಕ್ಕೆ ತಲಾ 12 ಕಿಲೋದಂತೆ 6.4 ಟನ್ ಗೊಬ್ಬರ ಎಲ್ಲಿಂದ ತರುವುದು ಎಂಬುದಷ್ಟೇ ನನ್ನ ಪ್ರಶ್ನೆ. 12 ಕಿಲೋ ಗೊಬ್ಬರದಲ್ಲಿ ಶೇ. 0.5ರ ಲೆಕ್ಕಕ್ಕೆ 60 ಗ್ರಾಂ ಸಾರಜನಕ ಇದೆ. ಮೊದಲ ವರ್ಷ ಸಿಗುವುದು ಮೂರರಲ್ಲಿ ಒಂದು ಪಾಲಿನಷ್ಟು, ಉಳಿದದ್ದು ಮುಂದಿನ ವರ್ಷಗಳಿಗೆ. ಸತತವಾಗಿ ಹಾಕಿಕೊಂಡು ಬಂದ ತೋಟದಲ್ಲಿ ಹಿಂದಿನ ವರ್ಷಗಳ ಉಳಿಕೆಯೂ ಕೂಡಿಕೊಳ್ಳುತ್ತದೆ, ಹೊಸದಾಗಿ ಶುರು ಮಾಡಿದಲ್ಲಿ ಕೂಡುವುದಿಲ್ಲ. ಗೊಬ್ಬರ, ಸೊಪ್ಪು ಎರಡೂ ಪೂರ್ತಿ ಹಾಕಿದ ಹಳೆಯ ತೋಟಕ್ಕೆ ನಾನು ಶಿಫಾರಸಿನ ಅರ್ಧ ಯೂರಿಯಾ ಕೊಡುತ್ತೇನೆ, ಮರಕ್ಕೆ ವರ್ಷಕ್ಕೆ 110 ಗ್ರಾಂ. ಅದನ್ನು ಎರಡು ಪಾಲು ಮಾಡಿ ಒಂದನ್ನು ಹಸ್ತಾ ಮಳೆಯ ಹೊತ್ತಿಗೆ, ಇನ್ನೊಂದನ್ನು ಫೆಬ್ರವರಿ ಕೊನೆಯಲ್ಲಿ ನೀರು ಹಾಯಿಸುವ ದಿನ. ಗೊಬ್ಬರವಿಲ್ಲದ ತೋಟಕ್ಕೆ 100 ಗ್ರಾಂ ಸಾರಜನಕಕ್ಕೆ ಸಮನಾದ ಪೂರ್ತಿ 217 ಗ್ರಾಂ, ಅದೂ ಮೂರು ಪಾಲಿನಲ್ಲಿ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಒಂದು ಕಾಳೂ ಇಲ್ಲ. ಚೀಲದ ಮೇಲೆ ಬೇವು ಲೇಪಿತ ಎಂದಿರುವುದನ್ನು ನಂಬಿ ಮಳೆಗೆ ಮುಂಚೆ ಹಾಕುವವರಿದ್ದಾರೆ. ಬೇವು ನೈಟ್ರೊಸೊಮೊನಾಸ್‌ನ ಕೆಲಸವನ್ನು ಕೆಲವು ವಾರ ನಿಧಾನ ಮಾಡುತ್ತದೆ, ನಾಲ್ಕು ತಿಂಗಳ ಮಳೆಗೆ ಅದು ತಡೆಯಲ್ಲ.

ಅಳತೆಗೆ ತಕ್ಕಡಿ ಹೊರಬೇಕಾಗಿಲ್ಲ. ಯೂರಿಯಾ ಹಗುರ, 75 ಮಿ.ಲೀ. ಅಳತೆಯ ಒಂದು ಲೋಟದಲ್ಲಿ ಸುಮಾರು 55 ಗ್ರಾಂ ಹಿಡಿಯುತ್ತದೆ. ಒಮ್ಮೆ ಅಂಗಡಿಯಲ್ಲಿ ತೂಗಿ ಲೋಟಕ್ಕೆ ಗೆರೆ ಹಾಕಿಕೊಳ್ಳಿ. ಬುಡದಿಂದ ಎರಡೂವರೆ ಅಡಿ ದೂರದ ಸುತ್ತಿನಲ್ಲಿ ದರಕನ್ನು ಪೂರ್ತಿ ಸರಿಸಿ, ಎರಡು–ಮೂರು ಇಂಚು ಕೆದಕಿ, ಉದುರಿಸಿ, ಮಣ್ಣು ಮುಚ್ಚಿ, ಆಮೇಲೆ ದರಕು ಎಳೆಯಬೇಕು. ಕೂಲಿ ಉಳಿಸಲು ದರಕಿನ ಮೇಲೆಯೇ ಎರಚಿದರೆ ಏನಾಗುತ್ತದೆ? ಕಳಿಯುವ ಎಲೆಯಲ್ಲಿ ಯೂರಿಯೇಸ್ ಮಣ್ಣಿಗಿಂತ ಹೆಚ್ಚು. ಇಬ್ಬನಿಗೆ ಕರಗಿದ ಯೂರಿಯಾ ಅಲ್ಲಿಯೇ ಅಮೋನಿಯಂ ಆಗುತ್ತದೆ, ಕಾಳಿನ ಸುತ್ತ ಕ್ಷಾರ ಏರುತ್ತದೆ, ಹಿಡಿಯಲು ಜೇಡಿ ಇಲ್ಲ, ಮಧ್ಯಾಹ್ನದ ಗಾಳಿಗೆ ಅಮೋನಿಯಾ ಹೋಗುತ್ತದೆ. ಹಾಕಿದ ದಿನವೇ 10–15 ಮಿ.ಮೀ. ನೀರು ಬಿದ್ದರೆ ಅದು ಒಳಗಿಳಿದು ಉಳಿಯುತ್ತದೆ.

ಸುಣ್ಣದ ಲೆಕ್ಕವೂ ಸಾರಜನಕದ ಲೆಕ್ಕವೇ. ಅಮೋನಿಯಂ ನೈಟ್ರೇಟ್ ರೂಪಕ್ಕೆ ತಿರುಗುವಾಗ ಆಮ್ಲ ಹುಟ್ಟುತ್ತದೆ. ನೈಟ್ರೇಟ್ ತೊಳೆದು ಹೋದರೆ ಆ ಆಮ್ಲ ಮಣ್ಣಿನಲ್ಲೇ ಉಳಿಯುತ್ತದೆ. ಯೂರಿಯಾದ ಮೂಲಕ ಕೊಟ್ಟ 1 ಕಿಲೋ ಸಾರಜನಕದ ಹುಳಿ ಕಳೆಯಲು ಸುಮಾರು 1.8 ಕಿಲೋ ಸುಣ್ಣದಕಲ್ಲಿನ ಪುಡಿ ಬೇಕು, ಅಮೋನಿಯಂ ಸಲ್ಫೇಟ್ ಮೂಲಕ ಕೊಟ್ಟರೆ 5.4 ಕಿಲೋ. ಮರಕ್ಕೆ 100 ಗ್ರಾಂನಂತೆ ಯೂರಿಯಾದಲ್ಲಿ ಮೂರು ವರ್ಷ ಕೊಟ್ಟರೆ 540 ಗ್ರಾಂ ಆಯಿತು. ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋ ಸುಣ್ಣ ಎಂಬ ರೂಢಿ ಇದಕ್ಕೆ ಸರಿಹೊಂದುತ್ತದೆ. ಕುಮಟಾ ಕಡೆಯ ಚಿಪ್ಪಿನ ಸುಣ್ಣವನ್ನು ಸುಟ್ಟು ಅರಳಿಸಿದ್ದಾದರೆ ಅದು ಹೆಚ್ಚು ತೀಕ್ಷ್ಣ, 400 ಗ್ರಾಂ ಸಾಕು. ಮಣ್ಣಿನ ಹುಳಿಯ ಅಳತೆಯಾದ ಪಿಎಚ್ 5.5ರ ಕೆಳಗಿದ್ದರೆ ಮಾತ್ರ ಹಾಕುತ್ತೇನೆ, ಡಿಸೆಂಬರ್‌ನಲ್ಲಿ, ಮಣ್ಣಲ್ಲಿ ತೇವ ಇರುವಾಗ. ಫೆಬ್ರವರಿಯ ಯೂರಿಯಾಕ್ಕೆ ಆಗ ಎರಡು ತಿಂಗಳ ಅಂತರ ಸಿಗುತ್ತದೆ. ಮೇ ತಿಂಗಳ ಸುಣ್ಣ ಬೇಡವೇ ಬೇಡ. ಹುಳಿ ಮಣ್ಣಿನಲ್ಲಿ ನೈಟ್ರೇಟ್ ಮಾಡುವ ಜೀವಿಗಳು ಮಂದವಾಗಿರುತ್ತವೆ, ಸುಣ್ಣ ಬಿದ್ದೊಡನೆ ಎಚ್ಚರವಾಗುತ್ತವೆ. ಮಳೆಯ ಮುಂಚೆ ಅವುಗಳನ್ನು ಎಬ್ಬಿಸಿದರೆ ನೈಟ್ರೇಟ್ ನಷ್ಟಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಕಣಿವೆಯ ತಗ್ಗಿನ ತೋಟಗಳಲ್ಲಿ ನಷ್ಟ ಬೇರೆ ಬಗೆಯದು. ಬಸಿಗಾಲುವೆ ಮುಚ್ಚಿ ನೀರು ನಿಂತರೆ ಗಾಳಿಯಿಲ್ಲದ ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟಿನ ಆಮ್ಲಜನಕವನ್ನೇ ಉಸಿರಾಡಿ, ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿಯೂ ಹೋಗುತ್ತದೆ, ಭೂಮಿ ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲವಾದ ಅನಿಲ. ಒಂದು ಅಡಿ ಅಗೆದಾಗ ಬೂದು–ನೀಲಿ ಮಣ್ಣು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಗೊಬ್ಬರ ಹೆಚ್ಚಿಸಿ ಪ್ರಯೋಜನವಿಲ್ಲ, ಮೊದಲು ಕಾಲುವೆ ಬಿಡಿಸಬೇಕು. ಮೃಗಶಿರಾಕ್ಕೆ ಮುಂಚೆ ಒಮ್ಮೆ, ಮಘಾ ಮಳೆಯಲ್ಲಿ ಬಿಡುವು ಸಿಕ್ಕಾಗ ಇನ್ನೊಮ್ಮೆ.

ಘಟ್ಟದ ಕೆಳಗೆ, ಅಂಕೋಲಾ–ಹೊನ್ನಾವರದ ಗದ್ದೆಗಳಲ್ಲಿ, ನೀರು ನಿಲ್ಲಿಸುವುದೇ ಬೇಸಾಯ. ಅಲ್ಲಿ ಮೇಲಿನ ಕೆಲವು ಮಿಲಿಮೀಟರ್ ಮಣ್ಣಿಗೆ ಮಾತ್ರ ಆಮ್ಲಜನಕ ಸಿಗುತ್ತದೆ. ನಿಂತ ನೀರಿಗೆ ಯೂರಿಯಾ ಎರಚಿದರೆ ಪಾಚಿ ಹಗಲಿನಲ್ಲಿ ನೀರಿನ ಕ್ಷಾರ ಏರಿಸಿ ಅಮೋನಿಯಾ ಹಾರಿಸುತ್ತದೆ, ಉಳಿದದ್ದು ಮೇಲ್ಪದರದಲ್ಲಿ ನೈಟ್ರೇಟ್ ಆಗಿ ಕೆಳಗಿಳಿದು ಅನಿಲವಾಗುತ್ತದೆ. ಆದ್ದರಿಂದ ನೀರು ಇಳಿಸಿ, ಕೆಸರಿನ ಮೇಲೆ ಹಾಕಿ, ಕಳೆ ತೆಗೆಯುವಾಗ ಕಾಲಿನಿಂದ ತುಳಿದು ಸೇರಿಸಿ, ಮರುದಿನ ನೀರು ಕಟ್ಟಬೇಕು. ಸಣ್ಣ ಗದ್ದೆಗೆ ಇನ್ನೂ ಒಳ್ಳೆಯದು ಜೇಡಿಯ ಉಂಡೆಯೊಳಗೆ ಯೂರಿಯಾ ತುಂಬಿ, ನಾಲ್ಕು ಬುಡದ ನಡುವೆ ಮೂರು–ನಾಲ್ಕು ಇಂಚು ಆಳಕ್ಕೆ ಒತ್ತುವುದು. ಅಲ್ಲಿ ಗಾಳಿಯಿಲ್ಲ, ಅಮೋನಿಯಂ ಅಮೋನಿಯಂ ಆಗಿಯೇ ಇರುತ್ತದೆ. ಅಘನಾಶಿನಿಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆ) ಕಗ್ಗ ಭತ್ತ ಬೆಳೆಯುವವರಿಗೆ ಇದಾವುದೂ ಬೇಡ, ಭರತದ ನೀರು ತರುವ ಹೂಳೇ ಅವರ ಗೊಬ್ಬರ.

ತೋಟಕ್ಕೆ ಮರಳಿದರೆ, ಯೂರಿಯಾ ನಿಜಕ್ಕೂ ಬೇಕೇ ಎಂದು ತಿಳಿಯಲು ಪಕ್ಕಪಕ್ಕದ ಮೂರು ಸಾಲುಗಳಿಗೆ ಅದನ್ನು ನಿಲ್ಲಿಸಿ, ಮಧ್ಯದ ಸಾಲಿನ ಅಡಿಕೆ ಕೊನೆಗಳನ್ನು (ಗೊನೆ) ಮಾತ್ರ ಎಣಿಸಿ. ಅಂಚಿನ ಸಾಲುಗಳ ಬೇರು ಪಕ್ಕದ ಗೊಬ್ಬರವನ್ನು ಎಳೆದಿರುತ್ತದೆ. ಹಿಂಗಾರ (ಅಡಿಕೆಯ ಹೂಗೊಂಚಲು) ಬಿರಿದ ಮೇಲೆ ಕೊಯ್ಲಿಗೆ 8ರಿಂದ 11 ತಿಂಗಳು. ಹಿಂಗಾರ ಒಳಗೆ ಮೂಡುವುದು ಅದಕ್ಕೂ ಬಹಳ ಮೊದಲು. ಹಾಗಾಗಿ ಮೊದಲ ವರ್ಷದ ಎಣಿಕೆಯನ್ನು ಬರೆದಿಡಿ, ಅದರ ಮೇಲೆ ತೀರ್ಮಾನ ಮಾಡಬೇಡಿ. ಮೂರನೇ ಕೊನೆಕೊಯ್ಲಿನ ಎಣಿಕೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ತೋಟದ ಯೂರಿಯಾವನ್ನು ಇನ್ನೂ ಅರ್ಧಕ್ಕೆ ಇಳಿಸಬಹುದು.